ರಷ್ಯಾದಲ್ಲಿ ಬರೆದೋರ ಮನೆಗಳು, ಬರೆದೋರ ಗೋರಿಗಳು

ಗುರುವಾರ

ಬೆಂಗಳೂರಿಂದ ಪೀಟರ್ಸ್‌ಬರ್ಗ್‌ಗೆ ನೇರ ವಿಮಾನ ಇಲ್ಲ, ದುಬೈಲಿ ಇಳಿದು ಇನ್ನೊಂದು ಹತ್ಬೇಕು. ವೀಸಾ ಈಗ ಸಲೀಸು, 2023ರ ಆಗಸ್ಟ್‌ನಿಂದ ನಮ್ಮೋರಿಗೆ ಇ-ವೀಸಾ ಕೊಡ್ತಿದಾರೆ, ಮನೇಲಿ ಕೂತೇ ಆಗೋಯ್ತು. ತಲೆನೋವೆಲ್ಲ ದುಡ್ಡಿಂದು. 2022ರ ಮಾರ್ಚ್‌ನಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡು ಯಾವುದೂ ಅಲ್ಲಿ ನಡೆಯಲ್ಲ, ಅದಕ್ಕೆ ಡಾಲರ್ ನೋಟು ಸೊಂಟದ ಚೀಲಕ್ಕೆ ತುಂಬ್ಕೊಂಡು, ಹೋದಲ್ಲೆಲ್ಲ ಅದನ್ನೇ ತಡವಿ ನೋಡ್ಕೊಂಡು ಓಡಾಡಿದ್ದೇ ಓಡಾಡಿದ್ದು. ಜೊತೇಲಿ ಮಗಳು. ಅವಳಿಗೆ ರಷ್ಯನ್ ಸಾಹಿತ್ಯದ ಹುಚ್ಚಿಲ್ಲ, ಅಮ್ಮ ಒಬ್ಳೇ ಹೋದ್ರೆ ಎಲ್ಲಾದ್ರೂ ಕಳ್ದೋಗ್ತಾಳೆ ಅಂತ ರಜಾ ಹಾಕಿ ಬಂದಿದ್ಲು. ನಾನು ಬರ್ಕೊಂಡಿದ್ದ ಲಿಸ್ಟ್ ನೋಡಿ ವಿಮಾನದಲ್ಲೇ ಶುರು ಮಾಡಿದ್ಲು: "ಅಮ್ಮಾ, ಇದ್ರಲ್ಲಿ ಇರೋದೆಲ್ಲ ಸತ್ತೋರ ಮನೆ, ಇಲ್ಲಾ ಸ್ಮಶಾನ. ಒಂದಾದ್ರೂ ಬದುಕಿರೋ ಜಾಗ ಇಲ್ವಾ?"

ನನ್ನ ವಯಸ್ಸಿನೋರಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ಹೇಳಬೇಕಾಗಿಲ್ಲ. ನವಕರ್ನಾಟಕದ ಅಂಗಡೀಲಿ ಸೋವಿಯತ್ ಪುಸ್ತಕ ಅಂದ್ರೆ ಕಾಸಿಗೊಂದು ಕೊಸರಿಗೊಂದು, ಮಾಸ್ಕೋದಲ್ಲೇ ಕನ್ನಡದಲ್ಲಿ ಅಚ್ಚಾಗಿ ಬರ್ತಿತ್ತು, ಒಳ್ಳೆ ಕಾಗದ, ಗಟ್ಟಿ ರಟ್ಟು. ಗಾರ್ಕಿ, ಟಾಲ್‌ಸ್ಟಾಯ್, ಚೆಕಾವ್ ಎಲ್ಲ ಹಾಗೇ ಮನೆಗೆ ಬಂದೋರು. ಆದ್ರೆ ಆಗ ನನ್ನ ಕೈಗೆ ಬಂದ ಪುಸ್ತಕಗಳಲ್ಲಿ ಕವಯಿತ್ರಿ ಅಖ್ಮತೋವಾ ಇರ್ಲಿಲ್ಲ, ಕವಿ ಮ್ಯಾಂಡೆಲ್‌ಸ್ಟಾಮ್ ಇರ್ಲಿಲ್ಲ, ಕೈದಿ ಕ್ಯಾಂಪುಗಳ ಕಥೆ ಬರೆದ ಶಲಾಮೊವ್ ಅಂತ ಒಬ್ಬ ಇದ್ದ ಅನ್ನೋದೂ ಗೊತ್ತಿರ್ಲಿಲ್ಲ. ಅವರನ್ನೆಲ್ಲ ಓದಿದ್ದು ಆಮೇಲೆ, ಇಂಗ್ಲಿಷ್‌ನಲ್ಲಿ, ಆಗ್ಲೇ ಸಂಕಟ ಶುರುವಾಗಿದ್ದು.

ಸಂಜೆ ನೆವ್‌ಸ್ಕಿ ಬೀದೀಲಿ ಸುಮ್ನೆ ನಡೆದ್ವಿ. 14ನೇ ನಂಬರ್ ಕಟ್ಟಡದ ಗೋಡೆ ಮೇಲೆ ನೀಲಿ ಪಟ್ಟಿ ಒಂದಿದೆ, ಶೆಲ್ ಬೀಳುವಾಗ ಬೀದಿಯ ಈ ಪಕ್ಕ ಹೆಚ್ಚು ಅಪಾಯ ಅಂತ ಬರೆದಿರೋದು, ಎರಡನೇ ಮಹಾಯುದ್ಧದ ನೆನಪಿಗೆ ಇಟ್ಕೊಂಡಿದಾರೆ. ಅಲ್ಲೇ ಮುಂದೆ ಒಂದು ಪುಸ್ತಕದಂಗಡಿಗೆ ಹೊಕ್ವಿ. ಎಷ್ಟು ಜನ ಅಂತೀರಾ! ವಯಸ್ಸು ಹುಡುಗ್ರು ನೆಲದ ಮೇಲೆ ಕೂತು ಕವನ ಓದ್ತಿದಾರೆ, ನಂಗೆ ಹೊಟ್ಟೆಕಿಚ್ಚಾಯ್ತು. ಒಂದು ಕಡೆ ಕಪಾಟಲ್ಲಿ ಮಾತ್ರ ಕೆಲವು ಪುಸ್ತಕ ಒಳಗೇನಿದೆ ಅಂತ ಕಾಣದ ಹಾಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟಿದ್ರು, ಮೇಲೆ 18+ ಅಂತ ಚೀಟಿ. ಮಗಳು ಏನೋ ಪೋಲಿ ಪುಸ್ತಕ ಅಂದ್ಕೊಂಡು ನಕ್ಕಳು. ಪೋಲಿ ಏನಲ್ಲ. ಸರ್ಕಾರ 'ವಿದೇಶಿ ಏಜೆಂಟ್' ಅಂತ ಹಣೆಪಟ್ಟಿ ಹಚ್ಚಿರೋ ಲೇಖಕರ ಪುಸ್ತಕನ 2022ರ ಡಿಸೆಂಬರ್‌ನಿಂದ ಹೀಗೇ ಮುಚ್ಚಿ ಮಾರ್ಬೇಕು.

ಶುಕ್ರವಾರ

ಬೆಳಿಗ್ಗೆ ಮೊಯ್ಕಾ ಕಾಲುವೆ ಪಕ್ಕ 12ನೇ ನಂಬರ್ ಮನೆ, ಕವಿ ಪುಷ್ಕಿನ್ ಸತ್ತ ಮನೆ. ಒಳಗೆ ಹೋಗೋಕೆ ಚಪ್ಪಲಿ ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕ್ಕೋಬೇಕು, ಕೋಣೆಗೊಬ್ಬ ಅಜ್ಜಿ ಕುರ್ಚಿ ಹಾಕ್ಕೊಂಡು ಕಾವಲು ಕೂತಿರ್ತಾರೆ. ಮಗಳು ಬಾಗಿಲಿಗೆ ಒರಗಿದ್ದಕ್ಕೆ ಒಬ್ಬ ಅಜ್ಜಿ ಗದರಿದ ರೀತಿ ನಮ್ಮ ಊರಿನ ದೊಡ್ಡಮ್ಮನ ಥರಾನೇ ಇತ್ತು, ಭಾಷೆ ಬರ್ದೇ ಇದ್ರೂ ಪೂರ್ತಿ ಅರ್ಥ ಆಯ್ತು.

1837ರ ಜನವರಿ. ಹೆಂಡತಿ ವಿಷಯಕ್ಕೆ ಎದ್ದ ಮಾತಿಗೆ ಡ್ಯುಯೆಲ್ (ಇಬ್ಬರ ಪಿಸ್ತೂಲು ಕಾಳಗ), ಹೊಟ್ಟೆಗೆ ಗುಂಡು ಬಿದ್ದು ಎರಡು ದಿನ ಇದೇ ಲೈಬ್ರರಿ ರೂಮಿನ ಸೋಫಾ ಮೇಲೆ ನರಳಿ ಸತ್ತ. ವಯಸ್ಸು 37. ಕೊನೇ ಹೊತ್ತಲ್ಲಿ ಕಾಡುಹಣ್ಣು ಬೇಕು ಅಂದ್ನಂತೆ, ಹೆಂಡತಿ ಮಂಡಿಯೂರಿ ಕೂತು ಚಮಚದಲ್ಲಿ ತಿನ್ನಿಸಿದ್ಲಂತೆ. ಗಡಿಯಾರ 2:45ಕ್ಕೆ ನಿಲ್ಲಿಸಿದಾರೆ. ಡ್ಯುಯೆಲ್ ದಿನ ಹಾಕಿದ್ದ ವೇಸ್ಟ್‌ಕೋಟ್ ಗಾಜಿನೊಳಗಿದೆ. ಇದೆಲ್ಲ ಸರಿ, ನಂಗೆ ತಡೆಯೋಕಾಗದೇ ಇದ್ದಿದ್ದು ಆಮೇಲಿನ ಕಥೆ. ಜೀವಂತ ಇದ್ದಾಗ ದೊರೆ, ಝಾರ್ ನಿಕೊಲಾಯ್, ತಾನೇ ಅವನ ಸೆನ್ಸಾರ್ ಆಗಿದ್ದ, ಸತ್ತಾಗ ಮನೆ ಮುಂದೆ ಜನ ಸೇರಿದ್ದು ನೋಡಿ ಸರ್ಕಾರದೋರಿಗೇ ದಿಗಿಲು, ಹೇಳಿದ್ದ ಚರ್ಚ್ ಬಿಟ್ಟು ಬೇರೆ ಚರ್ಚಲ್ಲಿ ಪೂಜೆ ಮಾಡ್ಸಿ, ರಾತ್ರೋರಾತ್ರಿ ಪೊಲೀಸ್ ಕಾವಲಲ್ಲಿ ಹೆಣನ ದೂರದ ಸ್ವ್ಯಾತೊಗೊರ್ಸ್ಕ್ ಮಠಕ್ಕೆ ಸಾಗಿಸಿದ್ರು. ಇವತ್ತು ಅವನ ಹೆಸರಲ್ಲಿ ಊರೇ ಇದೆ, ಮೆಟ್ರೋ ಸ್ಟೇಷನ್ ಇದೆ, ವಿಮಾನ ನಿಲ್ದಾಣ ಇದೆ. ಈ ದೇಶದ ಪದ್ಧತಿನೇ ಇದು. ಇರೋ ತನಕ ಉಸಿರು ಕಟ್ಟಿಸ್ತಾರೆ, ಆಮೇಲೆ ಮೆಟ್ರೋ ಸ್ಟೇಷನ್‌ಗೆ ಹೆಸರಿಡ್ತಾರೆ.

ಮಧ್ಯಾಹ್ನ ದಾಸ್ತೋವಸ್ಕಿ ಮನೆಗೆ ಹೋಗೋಕೆ ಇಳಿದಿದ್ದೂ ಅವನದೇ ಹೆಸರಿನ ಮೆಟ್ರೋ ಸ್ಟೇಷನ್‌ನಲ್ಲಿ, ಮಗಳು ನನ್ನ ಮುಖ ನೋಡಿದ್ಲು, ನಾನು ಏನೂ ಹೇಳ್ಲಿಲ್ಲ. ಕುಜ್ನೆಚ್ನಿ ಅನ್ನೋ ಸಣ್ಣ ಬೀದಿ, ಮೂಲೆ ಮನೆ, ಪಕ್ಕದಲ್ಲೇ ಮಾರ್ಕೆಟ್ಟು. ಕರಮಜೋವ್ ಸಹೋದರರು ಬರೆದಿದ್ದು ಇಲ್ಲೇ, 1881ರಲ್ಲಿ ತೀರ್ಕೊಂಡಿದ್ದೂ ಇಲ್ಲೇ. ನಡುಮನೇಲಿ ಅವನ ಹ್ಯಾಟು ಗಾಜಿನ ಡಬ್ಬೀಲಿ. ಅದಕ್ಕಿಂತ ಸಣ್ಣದೊಂದು ವಸ್ತು ಇದೆ, ಸಿಗರೇಟ್ ಡಬ್ಬಿ. ಅದರ ತಳದಲ್ಲಿ ಮಗಳು ಲ್ಯೂಬಾ ಅಪ್ಪ ಸತ್ತ ತಾರೀಖು ಬರೆದಿದಾಳೆ, ಅವಳಿಗಾಗ ಹನ್ನೊಂದು ವರ್ಷ. ಕಾಗದ ಹುಡುಕೋಕೂ ಹೋಗಿಲ್ಲ ಪಾಪ, ಕೈಗೆ ಸಿಕ್ಕಿದ್ದರ ಮೇಲೆ ಗೀಚಿದಾಳೆ. ನನ್ನ ಮಗಳು ಅವತ್ತು ಮೊದಲನೇ ಸಲ ಫೋನ್ ಒಳಗಿಟ್ಟು ಬಗ್ಗಿ ನೋಡಿದ್ದು ಇದನ್ನ.

ಅಲ್ಲಿಂದ ನಡ್ಕೊಂಡೇ ಪಿಯೊನೆರ್‌ಸ್ಕಾಯಾ ಚೌಕಕ್ಕೆ. ಈಗ ಮಕ್ಕಳ ನಾಟಕಶಾಲೆ ಇದೆ, ಮುಂದೆ ಪಾರ್ಕು, ಹುಡುಗ್ರು ಸ್ಕೇಟ್‌ಬೋರ್ಡ್ ಹೊಡೀತಿದ್ರು. ಆಗ ಇದು ಸೆಮ್ಯೊನೊವ್‌ಸ್ಕಿ ಮೈದಾನ. 1849ರ ಡಿಸೆಂಬರ್ 22ರ ಬೆಳಿಗ್ಗೆ 28 ವರ್ಷದ ದಾಸ್ತೋವಸ್ಕಿನ ಇಲ್ಲಿ ತಂದು ನಿಲ್ಸಿ ಮರಣದಂಡನೆ ಓದಿದ್ರು. ಅವನ ಮೇಲಿದ್ದ ದೊಡ್ಡ ಆರೋಪ, ವಿಮರ್ಶಕ ಬೆಲಿನ್‌ಸ್ಕಿ ಲೇಖಕ ಗೊಗೊಲ್‌ಗೆ ಬರೆದ ಕಾಗದವೊಂದನ್ನ ಗೆಳೆಯರ ಮುಂದೆ ಗಟ್ಟಿಯಾಗಿ ಓದಿದ ಅನ್ನೋದು. ಮೊದಲ ಮೂವರನ್ನ ಕಂಬಕ್ಕೆ ಕಟ್ಟಿದ್ರು, ಇವನು ಮುಂದಿನ ಮೂವರಲ್ಲಿ. ಬಂದೂಕು ಗುರಿ ಹಿಡಿದ ಮೇಲೆ ಝಾರ್ ಕ್ಷಮೆ ಕೊಟ್ಟಿದಾನೆ ಅಂತ ಓದಿದ್ರು, ಅದು ಮುಂಚೇನೇ ಬರೆದಿಟ್ಟಿದ್ದ ನಾಟಕ. ಆ ಮೂವರಲ್ಲಿ ಒಬ್ಬನಿಗೆ ತಲೆ ಕೆಟ್ಟೋಯ್ತು. ದಾಸ್ತೋವಸ್ಕಿಗೆ ಸೈಬೀರಿಯಾದ ಓಮ್ಸ್ಕ್ ಜೈಲಲ್ಲಿ ನಾಲ್ಕು ವರ್ಷ ಕಾಲಿಗೆ ಸಂಕೋಲೆ. ಆ ಪಾರ್ಕಲ್ಲಿ ಅರ್ಧ ಗಂಟೆ ಬೆಂಚ್ ಮೇಲೆ ಕೂತಿದ್ದೆ, ಚಳಿಗೆ ಮಗಳು ಎಬ್ಬಿಸ್ಕೊಂಡು ಹೋದ್ಲು. ಊಟಕ್ಕೆ ಬಕ್‌ವೀಟ್ ಗಂಜಿ ಥರದ್ದು ಮತ್ತೆ ಕಪ್ಪು ಬ್ರೆಡ್ಡು. ರೂಮಿಗೆ ಬಂದು ಕೆಟಲ್‌ನಲ್ಲಿ ನೀರು ಕಾಯ್ಸಿ ಎಂಟಿಆರ್ ಉಪ್ಪಿಟ್ಟು ಮಾಡ್ಕೊಂಡು ತಿಂದ್ವಿ, ಸುಳ್ಳು ಯಾಕೆ ಹೇಳ್ಲಿ.

ಶನಿವಾರ

ಇವತ್ತಿಗೋಸ್ಕರಾನೇ ನಾನು ಬಂದಿದ್ದು. ಫೊಂತಾಂಕಾ ಕಾಲುವೆ ಪಕ್ಕದ ಶೆರೆಮೆತೆವ್ ಅರಮನೆಯ ಹಿಂದಿನ ಭಾಗ, ಲಿಟೇಯ್ನಿ ಬೀದಿ 53ರಿಂದ ಕಮಾನು ದಾಟಿ ಹೋಗ್ಬೇಕು. ಒಳಗೆ ತೋಟ, ದೊಡ್ಡ ದೊಡ್ಡ ಮರ, ಕೆಳಗೆ ಎಲೆ ರಾಶಿ. ಅಖ್ಮತೋವಾ 1920ರ ದಶಕದಿಂದ 1952ರವರೆಗೆ ಬಿಟ್ಟು ಬಿಟ್ಟು ಇಲ್ಲೇ ಇದ್ಲು, ಕಲಾ ವಿಮರ್ಶಕ ಪೂನಿನ್ ಜೊತೆ, ಅದೇ ಮನೇಲಿ ಪೂನಿನ್‌ನ ಮೊದಲ ಹೆಂಡತಿ, ಮಗಳು. ಅವನ ಜೊತೆ ಬಿಟ್ಟಾದ ಮೇಲೂ ಹೋಗೋಕೆ ಬೇರೆ ಜಾಗ ಇಲ್ದೆ ಪಕ್ಕದ ರೂಮಿಗೆ ಸಾಮಾನು ಸಾಗಿಸ್ಕೊಂಡು ಅಲ್ಲೇ ಇದ್ಲು. ಬಾಗಿಲ ಹತ್ರ ಗೂಟದಲ್ಲಿ ಪೂನಿನ್ ಕೋಟು ನೇತಾಡ್ತಿದೆ. 1949ರಲ್ಲಿ ಹಿಡ್ಕೊಂಡು ಹೋದ್ರು, 1953ರಲ್ಲಿ ಉತ್ತರದ ಕೈದಿ ಕ್ಯಾಂಪಲ್ಲಿ ಸತ್ತ, ಸ್ಟಾಲಿನ್ ಸತ್ತು ಕೆಲವೇ ತಿಂಗಳಿಗೆ.

ಅವಳ ಲೆಕ್ಕ ಕೇಳಿ. ಮೊದಲ ಗಂಡ ಗುಮಿಲ್ಯೊವ್, ಅವನೂ ಕವಿ, 1921ರಲ್ಲಿ ಗುಂಡಿಟ್ಟು ಕೊಂದ್ರು. ಮಗ ಲೆವ್‌ನ 1935ರಲ್ಲಿ ಹಿಡಿದ್ರು, ಬಿಟ್ರು, 1938ರಲ್ಲಿ ಮತ್ತೆ, 1949ರಲ್ಲಿ ಇನ್ನೊಂದ್ಸಲ. ಗೆಳೆಯ ಮ್ಯಾಂಡೆಲ್‌ಸ್ಟಾಮ್ ಸ್ಟಾಲಿನ್ ಮೇಲೆ ಒಂದು ಪದ್ಯ ಬರೆದು ಸಿಕ್ಕಿಬಿದ್ದು 1938ರ ಡಿಸೆಂಬರ್‌ನಲ್ಲಿ ವ್ಲಾಡಿವೊಸ್ಟೊಕ್ ಹತ್ರದ ಕ್ಯಾಂಪಲ್ಲಿ ಹೋದ. ಕವಿತೆಗೆ ಇಷ್ಟು ಮರ್ಯಾದೆ ಕೊಡೋದು ನಮ್ಮಲ್ಲಿ ಮಾತ್ರ, ಅದಕ್ಕಾಗಿ ಕೊಲ್ತಾರೆ ಅಂತ ಅವನೇ ಹೆಂಡತಿಗೆ ಹೇಳ್ತಿದ್ನಂತೆ.

ರೂಮಲ್ಲಿ ಮೇಜು, ಹಳೇ ಕುರ್ಚಿ, ಒಂದು ಬೂದಿ ಬಟ್ಟಲು. ಆ ಬಟ್ಟಲ ಮುಂದೆ ನಾನು ನಿಂತೇಬಿಟ್ಟೆ. ಸ್ಟಾಲಿನ್ ಕಾಲದ ಬಂಧನಗಳ ಮೇಲೆ ಬರೆದ ರಿಕ್ವಿಯಮ್ ಕವಿತೆಗಳನ್ನ ಅವಳು ಕಾಗದದ ಮೇಲೆ ಇಡೋ ಹಾಗಿರ್ಲಿಲ್ಲ. ಗೆಳತಿ ಲಿಡಿಯಾ ಚುಕೊವ್‌ಸ್ಕಾಯಾ ಬರ್ತಿದ್ಲು. ಗೋಡೆಗೆ ಕಿವಿ ಇರುತ್ತೆ ಅಂತ ಅಖ್ಮತೋವಾ ಗಟ್ಟಿಯಾಗಿ ಟೀ ಕುಡೀತೀಯಾ, ಬಿಸಿಲಿಗೆ ಕಪ್ಪಾಗಿದೀಯಲ್ಲ ಅಂತ ಏನೋ ಮಾತಾಡ್ತಾ, ಚೂರು ಕಾಗದದಲ್ಲಿ ನಾಲ್ಕು ಸಾಲು ಗೀಚಿ ಕೈಗೆ ಕೊಡ್ತಿದ್ಲು, ಇವಳು ಓದಿ ಬಾಯಿಪಾಠ ಮಾಡ್ಕೊಂಡು ವಾಪಸ್ ಕೊಡ್ತಿದ್ಲು, ಆಮೇಲೆ ಬೆಂಕಿಕಡ್ಡಿ, ಬೂದಿ ಬಟ್ಟಲು, ಮುಗೀತು. ಹೀಗೆ ಆ ಕವಿತೆ ನಾಲ್ಕಾರು ಜನರ ತಲೇಲಿ ಬದುಕಿದ್ದು. ಅಚ್ಚಾಗಿದ್ದು 1963ರಲ್ಲಿ, ಅದೂ ಮ್ಯೂನಿಕ್‌ನಲ್ಲಿ, ಸೋವಿಯತ್ ದೇಶದಲ್ಲಿ 1987ಕ್ಕೆ. ಅವಳು ತೀರ್ಕೊಂಡಿದ್ದು 1966ರಲ್ಲೇ. ಮ್ಯಾಂಡೆಲ್‌ಸ್ಟಾಮ್ ಕವಿತೆನೂ ಅಷ್ಟೇ, ಹೆಂಡತಿ ನಾದೆಜ್ದಾ ದಶಕಗಟ್ಲೆ ಬಾಯಲ್ಲಿ ಇಟ್ಕೊಂಡು ಊರೂರು ಅಲೆದ್ಲು. ಆ ದೇಶದ ಸರ್ಕಾರದ ಮೇಲೆ ನಂಗೆ ಎಷ್ಟು ಸಿಟ್ಟಿದ್ಯೋ ಆ ಓದುಗರ ಮೇಲೆ, ಅದರಲ್ಲೂ ಆ ಹೆಂಗಸರ ಮೇಲೆ, ಅಷ್ಟೇ ಪ್ರೀತಿ.

ಸಂಜೆ ನೆವಾ ದಂಡೆಗೆ. ಆಚೆ ದಡದಲ್ಲಿ ಕೆಂಪಿಟ್ಟಿಗೆ ಕಟ್ಟಡ, ಕ್ರೆಸ್ತಿ ಜೈಲು, ಕೈದಿಗಳನ್ನ 2017ರಲ್ಲಿ ಬೇರೆ ಕಡೆ ಸಾಗಿಸಿ ಈಗ ಖಾಲಿ. ಮಗನಿಗೆ ಬುತ್ತಿ ಕೊಡೋಕೆ ಅಂತ ಲೆನಿನ್‌ಗ್ರಾಡಿನ (ಪೀಟರ್ಸ್‌ಬರ್ಗ್‌ಗೆ ಆಗಿದ್ದ ಹೆಸರು) ಜೈಲುಗಳ ಮುಂದೆ ಹದಿನೇಳು ತಿಂಗಳು ಕ್ಯೂ ನಿಂತಿದ್ದಾಗಿ ಅಖ್ಮತೋವಾನೇ ಬರೆದಿದಾಳೆ. ಕ್ಯೂನಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಳು, ಚಳಿಗೆ ತುಟಿ ನೀಲಿಗಟ್ಟಿತ್ತಂತೆ, ಇದನ್ನ ಬರೆಯೋಕಾಗುತ್ತಾ ನಿಂಗೆ ಅಂತ ಕಿವೀಲಿ ಕೇಳಿದ್ಲಂತೆ. ಆಗುತ್ತೆ ಅಂದ್ಲಂತೆ ಇವಳು. ನಂಗೇನಾದ್ರೂ ಪ್ರತಿಮೆ ಮಾಡೋದಾದ್ರೆ ಸಮುದ್ರದ ಹತ್ರಾನೂ ಬೇಡ, ತೋಟದಲ್ಲೂ ಬೇಡ, ನಾನು ನಿಂತ ಜಾಗದಲ್ಲೇ ಇಡಿ ಅಂತ ಕವಿತೇಲೇ ಕೇಳ್ಕೊಂಡಿದ್ಲು, 2006ರಲ್ಲಿ ಜೈಲಿನ ಎದುರು ದಡದಲ್ಲಿ ಇಟ್ರು. ಕಪ್ಪು ಕಂಚು, ಸಣಕಲು ಮೈ, ಮುಖ ಜೈಲಿನ ಕಡೆ ತಿರುಗಿದೆ. ಸ್ವಲ್ಪ ದೂರದಲ್ಲಿ ಶೆಮ್ಯಾಕಿನ್ ಮಾಡಿದ ಎರಡು ಸ್ಫಿಂಕ್ಸ್ ಇವೆ, ಮನೆಗಳ ಕಡೆಯಿಂದ ನೋಡಿದ್ರೆ ಚೆಂದದ ಹೆಣ್ಣಿನ ಮುಖ, ಜೈಲಿನ ಕಡೆ ತಿರುಗಿದ ಅರ್ಧ ಬರೀ ತಲೆಬುರುಡೆ. ಪಕ್ಕದ ರಸ್ತೇಲಿ ಟ್ರಾಫಿಕ್ ಅಂದ್ರೆ ಟ್ರಾಫಿಕ್ಕು, ದಾಟೋಕೇ ಹತ್ತು ನಿಮಿಷ ಆಯ್ತು.

ಭಾನುವಾರ

ಪಿಸ್ಕರ್ಯೊವ್‌ಸ್ಕೊಯೆ ಸ್ಮಶಾನ. ಮಗಳು ಗೊಣಗಲಿಲ್ಲ, ಅದೇ ಆಶ್ಚರ್ಯ. 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ ಜರ್ಮನ್ನರು ಊರಿಗೆ ಮುತ್ತಿಗೆ ಹಾಕಿದ್ರಲ್ಲ, ಆಗ ಸತ್ತವರಲ್ಲಿ ಹೆಚ್ಚುಕಮ್ಮಿ ಐದು ಲಕ್ಷ ಜನ ಇಲ್ಲಿದಾರೆ, 186 ಸಾಮೂಹಿಕ ಗುಂಡಿಗಳಲ್ಲಿ. ಹೆಸರಿಲ್ಲ. ಹುಲ್ಲು ದಿಬ್ಬ, ಮುಂದೆ ಕಲ್ಲು, ಕಲ್ಲಿನ ಮೇಲೆ ಇಸವಿ ಮಾತ್ರ: 1942, 1942, 1942, ಹೀಗೇ ಸಾಲು ಮುಗಿಯೋದೇ ಇಲ್ಲ. 1941ರ ಚಳಿಗಾಲದಲ್ಲಿ ನವೆಂಬರ್ ಕೊನೆಯಿಂದ ಒಂದು ತಿಂಗಳು ಕೆಲಸಕ್ಕೆ ಹೋಗದವರಿಗೆ, ಮಕ್ಕಳಿಗೆ ದಿನಕ್ಕೆ 125 ಗ್ರಾಂ ಬ್ರೆಡ್ಡು, ಅದರಲ್ಲೂ ಹಿಟ್ಟಿನ ಜೊತೆ ಬೇರೇನೇನೋ ಬೆರಕೆ. ಈಗಲೂ ಜನ ದಿಬ್ಬದ ಮೇಲೆ ಬ್ರೆಡ್ಡು, ಮಿಠಾಯಿ ಇಟ್ಟು ಹೋಗ್ತಾರೆ.

ಕೊನೇಲಿ ಗ್ರಾನೈಟ್ ಗೋಡೆ ಮೇಲೆ ಓಲ್ಗಾ ಬೆರ್ಗೊಲ್ಟ್ಸ್ ಸಾಲುಗಳು, ಯಾರನ್ನೂ ಮರೆತಿಲ್ಲ, ಯಾವುದನ್ನೂ ಮರೆತಿಲ್ಲ ಅಂತ. ಮುತ್ತಿಗೆ ಹೊತ್ತಲ್ಲಿ ರೇಡಿಯೋದಲ್ಲಿ ಕವಿತೆ ಓದಿ ಊರಿಗೆ ಜೀವ ಹಿಡಿಸಿದ ಹೆಂಗಸು ಇವಳು. ಮೊದಲ ಗಂಡ, ಕವಿ ಬೊರಿಸ್ ಕೊರ್ನಿಲೊವ್, 1938ರ ಫೆಬ್ರವರಿಯಲ್ಲಿ ಗುಂಡಿಗೆ ಬಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಇವಳನ್ನೂ ಹಿಡಿದ್ರು, ಬಸುರಿ ಇದ್ಲು, ಜೈಲಲ್ಲಿ ಮಗು ಹೋಯ್ತು. ಏಳು ತಿಂಗಳಿಗೆ ಬಿಟ್ರು. ಎರಡನೇ ಗಂಡ 1942ರ ಜನವರಿಯಲ್ಲಿ ಹಸಿವಿಗೆ ಸತ್ತ. ಇಷ್ಟಾದ ಮೇಲೂ ಮೈಕ್ ಮುಂದೆ ಕೂತು ಊರಿನೋರಿಗೆ ಧೈರ್ಯ ಹೇಳ್ತಿದ್ಲು. ಯಾವುದನ್ನೂ ಮರೆತಿಲ್ಲ ಅನ್ನೋ ಮಾತನ್ನ ಆ ಗೋಡೆ ಮೇಲೆ ಕೆತ್ತಿಸಿದ್ದು ಅವಳನ್ನ ಜೈಲಿಗೆ ಹಾಕಿದ ಸರ್ಕಾರವೇ, ಜೈಲಲ್ಲಿ ಹೋದ ಆ ಮಗು ಮಾತ್ರ ಲೆಕ್ಕಕ್ಕೆ ಬರ್ಲಿಲ್ಲ. ನಂಗೆ ಅಳು ಬಂದಿದ್ದು ಅಲ್ಲಿ.

ರಾತ್ರಿ 23:55ಕ್ಕೆ ಮಾಸ್ಕೋಗೆ ಕೆಂಪು ಬಾಣ ಅನ್ನೋ ರೈಲು. ಹೊರಡುವಾಗ ಪ್ಲಾಟ್‌ಫಾರ್ಮಲ್ಲಿ ಗ್ಲಿಯೆರ್‌ನ ಸಂಗೀತ ಹಾಕ್ತಾರೆ, ಟೀ ಲೋಹದ ಹಿಡಿ ಇರೋ ಗಾಜಿನ ಲೋಟದಲ್ಲಿ. ಒಳ್ಳೆ ನಿದ್ದೆ.

ಸೋಮವಾರ

ಸೋಮವಾರ ಬಹಳ ಮ್ಯೂಸಿಯಂ ಮುಚ್ಚಿರುತ್ತೆ, ಬಯಲಲ್ಲಿರೋದನ್ನೇ ನೋಡ್ಬೇಕು. ಲುಬ್ಯಾಂಕಾ ಚೌಕ, ಹಳೇ ಕೆಜಿಬಿ ಕಟ್ಟಡ, ಈಗ್ಲೂ ಗುಪ್ತಚರರದ್ದೇ. ಎದುರಿಗೆ ಸೊಲೊವ್ಕಿ ದ್ವೀಪದ ಕ್ಯಾಂಪಿಂದ ತಂದ ಒಂದು ಬಂಡೆ, 1990ರ ಅಕ್ಟೋಬರ್ 30ಕ್ಕೆ ಇಟ್ಟಿದ್ದು. ಇಡಿಸಿದ್ದು ಮೆಮೋರಿಯಲ್ ಅನ್ನೋ ಸಂಸ್ಥೆ, ಸ್ಟಾಲಿನ್ ಕಾಲದಲ್ಲಿ ಸತ್ತವರ ಹೆಸರು ಒಂದೊಂದೇ ಹುಡುಕಿ ಇಟ್ಟೋರು. 2021ರ ಡಿಸೆಂಬರ್‌ನಲ್ಲಿ ಕೋರ್ಟು ಅದನ್ನ ಮುಚ್ಚಿಸ್ತು, ಮುಂದಿನ ವರ್ಷ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಬಂತು. ಬಂಡೆ ಬುಡದಲ್ಲಿ ಕಾರ್ನೇಷನ್ ಹೂವು ಬಿದ್ದಿದ್ವು, ಹೊಸವೇ. ಹಿಂದಿನ ಗಲ್ಲೀಲಿ ನಡೀತಾ ಒಂದು ಮನೆ ಗೋಡೇಲಿ ಅಂಗೈಗಿಂತ ಸ್ವಲ್ಪ ದೊಡ್ಡ ಸ್ಟೀಲ್ ಪಟ್ಟಿ ಸಿಕ್ತು: ಇಲ್ಲಿದ್ದವನು ಇಂಥವನು, ಎಂಜಿನಿಯರ್, ಹುಟ್ಟಿದ್ದು, ಹಿಡಿದದ್ದು, ಗುಂಡಿಟ್ಟದ್ದು, ನಿರಪರಾಧಿ ಅಂತ ಒಪ್ಪಿದ್ದು. ಪಕ್ಕದಲ್ಲಿ ಫೋಟೋ ಇರ್ಬೇಕಾದ ಕಡೆ ಚೌಕಾಕಾರದ ತೂತು, ಅದರೊಳಗಿಂದ ಮನೆಯ ಗೋಡೆ ಕಾಣುತ್ತೆ.

ಮಧ್ಯಾಹ್ನ ನೊವೊದೆವಿಚಿ ಸ್ಮಶಾನ. ಚೆಕಾವ್ ಇಲ್ಲಿದಾನೆ. ಜರ್ಮನಿಯಲ್ಲಿ ಸತ್ತವನ ಹೆಣ ಆಯ್ಸ್ಟರ್ ಅನ್ನೋ ಚಿಪ್ಪುಮೀನಿಗೆ ಬಳಸೋ ತಣ್ಣನೆ ರೈಲು ಡಬ್ಬೀಲಿ ಬಂತು ಅಂತ ಗಾರ್ಕಿ ಸಿಟ್ಟಾಗಿದ್ದ, ನಂಗೆ ಮಾತ್ರ ಚೆಕಾವ್ ಕೇಳಿದ್ರೆ ಅವನೇ ಮೊದಲು ನಗ್ತಿದ್ದ ಅನ್ಸುತ್ತೆ. ಕಾದಂಬರಿಕಾರ ಬುಲ್ಗಾಕೋವ್ ಗೋರಿ ಮೇಲಿರೋ ಒರಟು ಕಲ್ಲು ಮೊದಲು ಗೊಗೊಲ್ ಗೋರಿ ಮೇಲಿತ್ತಂತೆ, ಗೊಗೊಲ್‌ನ ಇಲ್ಲಿಗೆ ಸಾಗಿಸುವಾಗ ಬೇಡ ಅಂತ ಬಿಸಾಕಿದ್ದನ್ನ ಬುಲ್ಗಾಕೋವ್ ಹೆಂಡತಿ ಆರಿಸ್ಕೊಂಡ್ಲು. ಗೊಗೊಲ್ ಹುಟ್ಟಿದ್ದು ಪೊಲ್ತಾವಾ ಕಡೆ, ಬುಲ್ಗಾಕೋವ್ ಕೀವ್‌ನಲ್ಲಿ, ಅಖ್ಮತೋವಾ ಒಡೆಸ್ಸಾ ಹತ್ರ. ಈ ಮೂರೂ ಇವತ್ತು ಕ್ಷಿಪಣಿ ಬೀಳ್ತಿರೋ ಉಕ್ರೇನ್‌ನಲ್ಲಿವೆ.

ಮಂಗಳವಾರ

ಕುರ್‌ಸ್ಕಿ ಸ್ಟೇಷನ್‌ನಿಂದ ತುಲಾಗೆ ರೈಲು, ಎರಡು ಗಂಟೆ ಚಿಲ್ಲರೆ, ಅಲ್ಲಿಂದ ಟ್ಯಾಕ್ಸೀಲಿ 14 ಕಿಲೋಮೀಟರ್ ಯಾಸ್ನಾಯಾ ಪೊಲ್ಯಾನಾ. ಎರಡು ಬಿಳಿ ಗೋಪುರದ ಗೇಟು, ಕೆರೆ, ಬರ್ಚ್ ಮರದ ದಾರಿ. ಟಾಲ್‌ಸ್ಟಾಯ್ ಹುಟ್ಟಿದ ಕರೀ ಚರ್ಮದ ಸೋಫಾ ಇನ್ನೂ ಇದೆ, ಎಡಿಸನ್ ಕಳಿಸಿದ ಫೋನೋಗ್ರಾಫ್ ಇದೆ, ಗೋಡೆತುಂಬ ಪುಸ್ತಕ. ಗಾಂಧೀಜಿಗೆ ಕೊನೇ ದೊಡ್ಡ ಪತ್ರ ಬರೆದಿದ್ದು 1910ರ ಸೆಪ್ಟೆಂಬರ್‌ನಲ್ಲಿ, ಎರಡು ತಿಂಗಳಿಗೆ 82ರ ಮುದುಕ ಯಾರಿಗೂ ಹೇಳ್ದೆ ರಾತ್ರಿ ಮನೆ ಬಿಟ್ಟು ಅಸ್ತಾಪೊವೊ ಸ್ಟೇಷನ್ ಮಾಸ್ಟರ್ ಮನೇಲಿ ಸತ್ತ. ಯುದ್ಧ ಮತ್ತು ಶಾಂತಿಯ ಕರಡನ್ನ ಮತ್ತೆ ಮತ್ತೆ ಕೈಯಾರೆ ನಕಲು ಮಾಡಿದ ಸೋಫಿಯಾನ ಅವನಿಗೆ ಪ್ರಜ್ಞೆ ತಪ್ಪೋ ತನಕ ಒಳಗೆ ಬಿಡ್ಲಿಲ್ಲ, ಕಿಟಕಿಯಿಂದ ಇಣುಕ್ತಿರೋ ಅವಳ ಫೋಟೋ ಇದೆ. ಮಹಾತ್ಮರ ಮನೆಗಳಲ್ಲಿ ಹೆಂಗಸರ ಪಾಡು ಎಲ್ಲ ಕಡೆ ಒಂದೇ ಬಿಡಿ.

ಗೋರಿ ಕಾಡಿನೊಳಗೆ, ಹಳ್ಳದಂಚಿಗೆ. ಶಿಲುಬೆ ಇಲ್ಲ, ಹೆಸರಿಲ್ಲ, ಉದ್ದನೆ ಹುಲ್ಲಿನ ದಿಬ್ಬ ಅಷ್ಟೆ. 1941ರಲ್ಲಿ ಜರ್ಮನ್ನರು 45 ದಿನ ಇಲ್ಲಿದ್ರು, ಸತ್ತ ತಮ್ಮ ಸೈನಿಕರನ್ನ ಈ ಗೋರಿ ಸುತ್ತಾನೇ ಹೂತ್ರು, ಹೋಗುವಾಗ ಮನೆಗೆ ಬೆಂಕಿ ಇಟ್ರು, ಊರಿನೋರು ಸೇರಿ ಆರಿಸಿದ್ರು.

ವಾಪಸ್ ರೈಲಲ್ಲಿ ಮಗಳು ಕೇಳಿಯೇ ಬಿಟ್ಲು. "ಅಮ್ಮಾ, ನೀನು ಇವರಿಗೋಸ್ಕರ ಇಷ್ಟು ಅಳ್ತೀಯ. ಇವರೇ ಈಗ ಇನ್ನೊಬ್ರ ಮನೆ ಮೇಲೆ ಬಾಂಬ್ ಹಾಕ್ತಿಲ್ವಾ?"

ಹೌದು, ಹಾಕ್ತಿದಾರೆ. ಕ್ರಿಮಿಯಾದ ಸೆವಾಸ್ತೊಪೋಲ್‌ನಲ್ಲಿ ಸೈನಿಕನಾಗಿ ನಿಂತು ಯುದ್ಧ ಅಂದ್ರೆ ಏನು ಅಂತ ಕಣ್ಣಾರೆ ಕಂಡು ಬರೆದ ಟಾಲ್‌ಸ್ಟಾಯ್‌ನ ಈ ದೇಶದಲ್ಲಿ ಎಲ್ಲಾ ಸ್ಕೂಲಲ್ಲೂ ಓದಿಸ್ತಾರೆ, ಓದಿದೋರೇ ಇದನ್ನ ಮಾಡ್ತಿರೋದು. ಕೀವ್‌ನಲ್ಲಿ ಟಾಲ್‌ಸ್ಟಾಯ್ ಹೆಸರಿನ ಮೆಟ್ರೋ ಸ್ಟೇಷನ್‌ಗೆ 2023ರಲ್ಲಿ ಬೇರೆ ಹೆಸರಿಟ್ರು, ಪುಷ್ಕಿನ್ ಪ್ರತಿಮೆಗಳನ್ನ ಇಳಿಸಿದ್ರು. ನಾನು ಕೀವ್‌ನೋಳಾಗಿದ್ರೆ ನಾನೂ ಸಹಿ ಹಾಕ್ತಿದ್ದೆ ಅಂದೆ. ಪುಸ್ತಕ ಮಾತ್ರ ಬಿಸಾಕ್ತಿರ್ಲಿಲ್ಲ. ನೆಂಟರ ಮನೇಲಿ ಸಾವಾದ್ರೆ ಅಳ್ತೀವಿ, ಅದೇ ಮನೆಯೋನು ಕೊಲೆ ಮಾಡಿದ್ರೆ ಸಾಕ್ಷಿ ಹೇಳೋಕೂ ಹೋಗ್ಬೇಕು, ಒಂದು ಮಾಡಿದ್ದಕ್ಕೆ ಇನ್ನೊಂದು ತಪ್ಪಲ್ಲ. "ಎರಡೂ ಒಟ್ಟಿಗೆ ಆಗಲ್ಲ ಅಮ್ಮ" ಅಂದ್ಲು. ಆಗುತ್ತೆ ಕಣೇ ಅಂತ ನಾನು, ಮಾಸ್ಕೋ ಬರೋ ತನಕ ಇದೇ ಜಗಳ, ಎದುರು ಸೀಟಿನ ಹೆಂಗಸು ಕೊನೆಗೆ ಇಬ್ರಿಗೂ ತುಲಾದ ಜೇನು ಬಿಸ್ಕತ್ತು ಕೊಟ್ಟು ಸುಮ್ಮನಾಗಿಸಿದ್ಲು.

ಬುಧವಾರ

ಬುಧವಾರ ಪೂರ್ತಿ ಮಗಳದ್ದು, ಸ್ಮಶಾನ ಇಲ್ಲ, ಕವಿಗಳಿಲ್ಲ ಅಂತ ಮಾತಾಗಿತ್ತು. ವೆದೆಎನ್‌ಖಾ ಸ್ಟೇಷನ್ ಹತ್ರ ಬಾಹ್ಯಾಕಾಶ ಮ್ಯೂಸಿಯಂ, ಮೇಲೆ ಟೈಟೇನಿಯಂ ಹೊದ್ದ ರಾಕೆಟ್ ಸ್ಮಾರಕ. ಬಾಹ್ಯಾಕಾಶಕ್ಕೆ ಹೋಗಿಬಂದ ಬೆಲ್ಕಾ, ಸ್ಟ್ರೆಲ್ಕಾ ನಾಯಿಗಳನ್ನ ಹೊಟ್ಟು ತುಂಬಿ ನಿಲ್ಸಿದಾರೆ. ಅವಳಿಗೆ ಖುಷಿಯೋ ಖುಷಿ, ಎಲ್ಲಾ ಬೋರ್ಡನ್ನೂ ಫೋನ್ ಹಿಡಿದು ಅನುವಾದ ಮಾಡಿ ಓದ್ತಿದ್ಲು. ಗಗಾರಿನ್‌ನ ಮೇಲಕ್ಕೆ ಕಳಿಸಿದ ರಾಕೆಟ್ಟಿನ ಮುಖ್ಯ ವಿನ್ಯಾಸಕ ಕೊರೊಲ್ಯೊವ್ ಫೋಟೋ ಮುಂದೆ ನಿಂತು ಅವನ ಬಗ್ಗೆ ಗೂಗಲ್ ಮಾಡಿದ್ಲು, ಆಮೇಲೆ ನನ್ನ ಕಡೆ ತಿರುಗಿ ಫೋನ್ ಚಾಚಿದ್ಲು.

"ಅಮ್ಮಾ, ಇವನನ್ನೂ ಹಿಡಿದಿದ್ರಂತೆ. 1938. ದೂರದ ಪೂರ್ವದ ಕೊಲಿಮಾ ಕ್ಯಾಂಪಿಗೆ ಕಳ್ಸಿದ್ರಂತೆ, ಚಿನ್ನದ ಗಣಿಗೆ, ಎಷ್ಟೋ ಹಲ್ಲು ಉದುರಿಹೋಯ್ತಂತೆ. ಸಾಯೋ ತನಕ ಹೆಸರೂ ಹೊರಗೆ ಬಿಡ್ಲಿಲ್ವಂತೆ."

1966ರಲ್ಲಿ ಸತ್ತ, ಅಖ್ಮತೋವಾಗಿಂತ ಎರಡು ತಿಂಗಳು ಮುಂಚೆ ಅಂದೆ.

"ಸರಿ, ನಿನ್ನ ಲಿಸ್ಟಿಗೇ ಸೇರ್ಸ್ಕೋ" ಅಂದು ಐಸ್‌ಕ್ರೀಮ್ ತರೋಕೆ ಹೋದ್ಲು.